ಒಂದೇ ಹಾಡಿನ ಕರಾರು

ಮೊದಲ ಬಡಿತಕ್ಕೇ ಗೋದಾಮಿನ ತಗಡೆಲ್ಲ ಗಡಗಡ ಅಂದಿತು. ಹಾಡಿನ ಒಂದು ಮಾತು ಗೋಡೆಗೆ ಬಡಿದು ನಾಲ್ಕು ಮಾತಾಗಿ ತಿರುಗಿ ಬಂದು, ಒಂದರ ಮೇಲೊಂದು ಬಿದ್ದು ಒದ್ದಾಡಿತು. ಮುದುಕಿ ದಾನವ್ವ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಲೋಹಿತ ಥಟ್ಟನೆ ಸದ್ದು ಇಳಿಸಿದ.

"ಇದೇನೋ ತಮ್ಮಾ ನಿನ್ನ ಡಿಜೆ?" ಎಂದ ಹತ್ತಿ ವ್ಯಾಪಾರಿ ಬಸವಪ್ರಭು. "ನಮ್ಮವ್ವ ಏನ ಹೇಳ್ಯಾಳ ಗೊತ್ತೈತಿಲ್ಲ? ಒಂದ ಹಾಡು. ಅಕಿ ಮನಸ್ಸಿಗೆ ಬಂದ್ರ ಮುಂದಿಂದು. ಇಲ್ಲಂದ್ರ ನಿನ್ನ ಸಾಮಾನು ಟೆಂಪೋಕ್ಕ."

ಅರಿಷಿಣದ ದಿನ ಡಿಜೆ ಬೇಕೇ ಬೇಕೆಂದು ಮಗಳು ರಜನಿಯ ಹಟ. ಮನೆಯೊಳಗೆ ಬೇಡವೇ ಬೇಡವೆಂದು ಅಜ್ಜಿಯ ಹಟ. ನಡುವೆ ಸಿಕ್ಕ ಬಸವಪ್ರಭು ಎಪಿಎಂಸಿ ಹಿಂದಿನ ತನ್ನ ಗೋದಾಮನ್ನೇ ತೆರವು ಮಾಡಿಸಿದ್ದ. ಲೋಹಿತನಿಗೆ ಇದು ಸ್ವಂತ ಡಿಜೆ ಸೆಟ್ಟಿನ ಮೊದಲ ಕೆಲಸ. ಆರು ವರ್ಷ ಮತ್ತೊಬ್ಬರ ವಾಯರ್ ಸುತ್ತಿದವನು ದುರ್ಗದಬೈಲ್ ಹತ್ತಿರದ ಅಂಗಡಿಗೆ ಮೂರು ಸಂಜೆ ಅಲೆದು, ಹಾಡಿನ ದನಿ ಹೊಂದಿಸುವ ಮಿಕ್ಸರ್ ಆರಿಸಿದ್ದ. ತಂಗಿ ಪೂನಮ್ ಬೆರಳು ಮಾಡಿದ್ದು ಬಣ್ಣದ ದೀಪ ಮಿನುಗುವ ದೊಡ್ಡದನ್ನು. ಇವನು ಮಾತ್ರ ಯಾವ ಹಾಡನ್ನೂ ಹಚ್ಚದೆ, ದನಿಯನ್ನು ಪೂರಾ ಏರಿಸಿ, ಸ್ಪೀಕರಿಗೆ ಕಿವಿಗೊಟ್ಟು ನಿಂತಿದ್ದ. ದೊಡ್ಡದರಲ್ಲಿ ಜೀರುಂಡೆಯಂಥದ್ದೇನೋ ಕೂಗುತ್ತಿತ್ತು. ಸಣ್ಣದು ಸುಮ್ಮನಿತ್ತು. ಸುಮ್ಮನಿರಲು ಬರುವುದೇ ತನಗೆ ಸಾಕೆಂದು ಅದನ್ನು ತಂದಿದ್ದ.

"ನಾ ಬಡಕೊಂಡೆ, ದೊಡ್ಡದ ತಗೋ ಅಂತ," ಪೂನಮ್ ಪಿಸುಗುಟ್ಟಿದಳು. "ಮಂದಿ ಅಂಗಡ್ಯಾಗ ಹಾಡ ಕೇಳಿ ಬರ್ತಾರ, ನೀ ಗಪ್ಪಿದ್ದದ್ದು ಕೇಳಿ ಬಂದಿ."

"ನಿನ್ನೆ ಸಂಜಿಕ ಛಲೋ ಇತ್ತಲ್ಲ?"

"ನಿನ್ನೆ ಇಲ್ಲಿ ಹತ್ತಿ ಇತ್ತಣ್ಣಾ."

ಲೋಹಿತ ಸುತ್ತಲೂ ನೋಡಿದ. ಹೌದು. ನಿನ್ನೆ ಗೋಡೆಯುದ್ದಕ್ಕೂ ಹತ್ತಿ ತುಂಬಿದ ಅಂಡಗಿಗಳು, ದೊಡ್ಡ ದೊಡ್ಡ ಗೋಣಿ ಮೂಟೆಗಳು, ಆಳೆತ್ತರ ನಿಂತಿದ್ದವು. ಚಪ್ಪಾಳೆ ತಟ್ಟಿದರೆ ಸದ್ದು ಅಂಗೈಯಲ್ಲೇ ಆರಿಹೋಗುತ್ತಿತ್ತು. ಆ ಮೌನ ಎಷ್ಟು ಹಿಡಿಸಿತ್ತೆಂದರೆ, ಕೆಲಹೊತ್ತು ಬಂದ ಕೆಲಸವನ್ನೇ ಮರೆತು ನಿಂತಿದ್ದ. ಆಮೇಲೆ, ಹಾಡು ಮಂಕಾಗಿ ಕೇಳುತ್ತದೆಂದು ಒಂದೊಂದೇ ಗುಂಡಿ ತಿರುವಿ ಏರಿಸಿ, ಮಕ್ಕಳು ಮುಟ್ಟದಿರಲೆಂದು ಅವುಗಳ ಮೇಲೆ ಅಂಟುಪಟ್ಟಿ ಹಚ್ಚಿ ಹೋಗಿದ್ದ. ಬೆಳಿಗ್ಗೆ ಹಮಾಲರು ಅಂಡಗಿಗಳನ್ನೆಲ್ಲ ಅಂಗಳಕ್ಕೆ ಸಾಗಿಸಿ, ಒಳಗೆ ಕುರ್ಚಿ ಹಾಕಿದ್ದರು. ತಾನು ಅಷ್ಟು ಜತನದಿಂದ ಹೊಂದಿಸಿದ್ದು ಹತ್ತಿಯ ಕಿವಿಗೆ, ಬೀಗರ ಕಿವಿಗಲ್ಲ.

ಪಟ್ಟಿ ಕಿತ್ತು ಗುಂಡಿಗಳನ್ನು ಇಳಿಸಿದ. ಹಾಡು ಸಣ್ಣದಾಯಿತೇ ಹೊರತು ತಗಡಿನ ಗದ್ದಲ ಹೋಗಲಿಲ್ಲ. ಬೀಗರು ಬರಲು ಅರ್ಧ ತಾಸು ಉಳಿದಿತ್ತು.

"ಸಾವಕಾರ್ರ, ಅಂಡಗಿ ಒಳಗ ತರಸ್ರಿ."

"ಏನಂದಿ?"

"ಗ್ವಾಡಿಗುಂಟ ಒಂದಿಷ್ಟು ಇಡೂಣ್ರಿ. ಕುರ್ಚಿ ತಗದು ನಡುವ ಒಂದಿಷ್ಟು, ಕುಂದ್ರಾಕ."

"ಬೀಗರನ್ನ ಅಂಡಗಿ ಮ್ಯಾಲೆ ಕುಂದ್ರಸೂದ? ಗದಗಿನ ದೊಡ್ಡ ಮಂದಿ ಅದಾರ. ನಾಕು ಕುರ್ಚಿ ಹಾಕೂ ಯೋಗ್ಯತಿ ಇಲ್ಲೇನು ಅಂದ್ರ ನಾ ಏನ ಹೇಳ್ಲಿ?"

"ಈಗಿನ ಗದ್ದಲದಾಗ ಅವರು ಏನಂದ್ರೂ ನಿಮಗ ಕೇಳಸೂದಿಲ್ಲ ಬಿಡ್ರಿ ಕಾಕಾ," ಎಂದಳು ಪೂನಮ್.

ಬಸವಪ್ರಭುವಿನ ಮೀಸೆ ನಗಬೇಕೋ ಬೇಡವೋ ಎಂದು ಅದುರಿತು. ಅಷ್ಟರಲ್ಲಿ ದಾನವ್ವ ಕುರ್ಚಿ ಬಿಟ್ಟೆದ್ದಳು.

"ಹತ್ತಿ ವ್ಯಾಪಾರದವರ ಮನಿಗೆ ಹೆಣ್ಣ ಕೇಳಾಕ ಬಂದವರಿಗೆ ಹತ್ತಿ ಮ್ಯಾಲೆ ಕುಂದ್ರಾಕ ಏನ ಧಾಡಿ? ತರಸೋ ಬಸು. ನನಗೂ ಈ ಪ್ಲಾಸ್ಟಿಕ್ ಕುರ್ಚಿ ಒತ್ತಾಕತ್ತೈತಿ."

ಹಮಾಲರು ಒಂದೊಂದೇ ಅಂಡಗಿ ತಂದಿಳಿಸಿದಂತೆ ಗೋದಾಮಿನ ದನಿ ಮೆತ್ತಗಾಗುತ್ತ ಹೋಯಿತು. ಕೊನೆಗೆ ಲೋಹಿತ ಚಪ್ಪಾಳೆ ತಟ್ಟಿ ನೋಡಿದ. ಸದ್ದು ಹಿಂತಿರುಗಿ ಬರಲಿಲ್ಲ. ಬೀಗರು ಬಂದವರು ಬಾಗಿಲಲ್ಲೇ ಮುಖ ಮುಖ ನೋಡಿಕೊಂಡರು. ಹುಡುಗನ ಸೋದರಮಾವ ಗುರುಸಿದ್ದಯ್ಯ ಧೈರ್ಯ ಮಾಡಿ ಕೂತ, ಸೊಂಟದ ತನಕ ಹತ್ತಿಯಲ್ಲಿ ಹೂತುಹೋದ, "ಇದನ್ನ ಬಿಟ್ಟ ನಾ ಏಳೂದಿಲ್ಲ ನೋಡ್ರೆಪಾ," ಎಂದು ನಕ್ಕ. ಉಳಿದವರೂ ಕೂತರು.

ದಾನವ್ವ ಮಿಕ್ಸರಿನ ಎದುರಿಗೇ ಒಂದು ದೊಡ್ಡ ಅಂಡಗಿ ಹಿಡಿದು, ಇನ್ನೊಂದಕ್ಕೆ ಬೆನ್ನು ಕೊಟ್ಟಳು. "ಹೂಂ, ಹಚ್ಚು. ಒಂದ ಹಾಡು."

ಈ ಸಲ ಬಡಿತ ಎದೆಗೆ ಬಂದು ತಾಗಿ ಅಲ್ಲೇ ಕೂತಿತು. ಮಾತು ಮಾತಾಗಿಯೇ ಕೇಳಿತು. ರಜನಿ ಅರಿಷಿಣದ ಕೆನ್ನೆಯಲ್ಲೇ ಎದ್ದು ಕುಣಿದಳು. ಏಳುವುದಿಲ್ಲ ಎಂದಿದ್ದ ಗುರುಸಿದ್ದಯ್ಯ ಧೋತರ ಎತ್ತಿ ಕಟ್ಟಿದ. ಲೋಹಿತ ಮಾತ್ರ ದಾನವ್ವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಮುದುಕಿಯ ತಲೆ ಮೆಲ್ಲಗೆ ವಾಲಿತು. ಬಾಯಿ ಕೊಂಚ ತೆರೆಯಿತು.

"ನೋಡಣ್ಣಾ, ಡಿಜೆ ಹಚ್ಚಿ ಮಂದೀನ ಮಲಗಿಸಿದಾಂವ ನೀನ ಮೊದಲನೇದಾಂವ," ಪೂನಮ್ ಸೆರಗು ಬಾಯಿಗಿಟ್ಟುಕೊಂಡಳು. "ಇನ್ನೊಂದು ಹಚ್ಚಿಬಿಡು, ಗೊತ್ತಾಗೂದಿಲ್ಲ."

"ಬ್ಯಾಡ. ಒಂದ ಹಾಡು ಅಂತ ಮಾತಾಗೈತಿ."

ಹಾಡು ಮುಗಿಯಿತು. ಲೋಹಿತ ದನಿಯನ್ನು ಸೊನ್ನೆಗೆ ಇಳಿಸಿ ಕೈ ಕಟ್ಟಿ ನಿಂತ. ಕುಣಿಯುವವರು ಎತ್ತಿದ ಕೈ ಎತ್ತಿದಂತೆಯೇ ನಿಂತರು. ಹತ್ತಿಯ ಆ ದಪ್ಪ ಮೌನ ಗೋದಾಮಿನ ತುಂಬ ಇಳಿಯಿತು. ಎಲ್ಲರೂ ಮುದುಕಿಯ ಕಡೆ ತಿರುಗಿದರು.

ದಾನವ್ವ ಬೆಚ್ಚಿ ಕಣ್ಣು ಬಿಟ್ಟಳು.

"ಯಾಂವಾಂವಾ ಬಂದ್ ಮಾಡಿದಾಂವ? ಮದುವಿ ಗೊತ್ತಾದಾಗಿಂದ ಇವತ್ತರ ಒಂದೀಟು ನಿದ್ದಿ ಬಂದಿತ್ತು!" ಎಂದವಳೇ, ಅಂಡಗಿಯ ಮೇಲೆ ಮಗ್ಗುಲು ಬದಲಿಸಿದಳು.