ಕರಿಬಂಡೆಯ ಕೊಂಡಿ

ದಳವಾಯಿಯ ಮುಷ್ಟಿ ಮತ್ತೆ ಬಿತ್ತು. ಕಂಬಕ್ಕೆ ಕಟ್ಟಿದ್ದ ಕುಂಟನ ಬಾಯಿಂದ ಮಾತಿನ ಬದಲು ಒಂದು ಹಲ್ಲು ಹೊರಬಂತು.

"ಬೊಗಳೋ! ಕೋಟೆಯ ದಿಡ್ಡಿ ಬಾಗಿಲ ಅಗುಳಿ ಮುರಿದಿದೆ ಅಂತ ಕಡಲ್ಗಳ್ಳರಿಗೆ ಹೇಳಿದ್ದು ಯಾರು?"

"ನಾನಲ್ಲ ಒಡೆಯಾ." ಕುಂಟ ರಕ್ತ ಉಗುಳಿದ. "ಹೇಳಿದ್ದಿದ್ರೆ ಈ ಕಾಲಿಟ್ಕೊಂಡು ಇನ್ನೂ ಇಲ್ಲೇ ಯಾಕೆ ಇರ್ತಿದ್ದೆ?"

ಬಂದರುಕಟ್ಟೆಯಲ್ಲಿ ನೆರೆದವರು ಯಾರೂ ನಗಲಿಲ್ಲ. ಬಲೆ ಹೆಣೆಯುವ ಈ ಕುಂಟ ಕಡಲ್ಗಳ್ಳರ ಸೆರೆಯಲ್ಲಿ ವರ್ಷಗಟ್ಟಲೆ ಇದ್ದು ಹೇಗೋ ಈಜಿ ಬಂದವನು. ಅವರ ಉಪ್ಪು ತಿಂದ ಬಾಯಿ. ಅವನು ಬಂದಮೇಲೆಯೇ ಕೋಟೆಯ ಬಿರುಕೆಲ್ಲ ಕಳ್ಳರಿಗೆ ಬಾಯಿಪಾಠವಾದದ್ದು ಎಂದು ಊರಿಗೆ ಊರೇ ನಂಬಿತ್ತು. ಹೋದ ಸಲ, ಕಮ್ಮಾರ ಅಗುಳಿ ಸರಿಮಾಡಲು ಹೋದ ದಿನವೇ ಅವರು ದಿಡ್ಡಿಗೆ ನುಗ್ಗಿದ್ದರು. ಕಮ್ಮಾರನನ್ನು ಅಲ್ಲೇ ಕೊಡಲಿಯಿಂದ ಸೀಳಿದರು. ಆಮೇಲೆ ಬೀದಿಬೀದಿಗೆ ಬೆಂಕಿ. ಉಳಿದದ್ದು ದಳವಾಯಿಯ ಓಣಿಯೊಂದೇ. ಪುಣ್ಯವಂತ, ಎಂದರು ಜನ.

ಸತ್ತವನ ಹೆಂಡತಿ ಗುಂಪಿನ ಮುಂದೆ ನಿಂತಿದ್ದಳು. ಗಂಡ ಹೋದಮೇಲೆ ಸುತ್ತಿಗೆ ಹಿಡಿದವಳು ಅವಳೇ, ಊರಿಗೆಲ್ಲ ಕಮ್ಮಾರಕ್ಕ. ದಳವಾಯಿ ಅವಳ ಒಡಹುಟ್ಟಿದ ತಮ್ಮ. ತಾಯಿ ಸತ್ತಾಗ ತೊಟ್ಟಿಲಲ್ಲಿದ್ದವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು.

"ಬೆಳಿಗ್ಗೆ ಇವನನ್ನ ಬುರುಜಿಗೆ ನೇತುಹಾಕ್ತೀನಿ ಅಕ್ಕ. ಭಾವನ ಆತ್ಮಕ್ಕೆ ಶಾಂತಿ ಸಿಗಲಿ."

"ಸಿಗಬೇಕು ತಮ್ಮ," ಎಂದಳು. "ಮಾಡಿದವನು ಸಿಕ್ಕಿದ್ರೆ ಸಿಗುತ್ತೆ."

ಜನ ಚದುರಿದರು. ಅವಳು ತಮ್ಮನ ತೋಳು ಹಿಡಿದು, ಕಂಬದಾಚೆಗೆ ಕಾಣುತ್ತಿದ್ದ ಸರಪಳಿಯತ್ತ ಕೈ ತೋರಿದಳು. ಬಂದರಿನ ಬಾಯಿಗೆ ಈ ದಡದಿಂದ ಆ ದಡಕ್ಕೆ ಬಿಗಿದ ಕಬ್ಬಿಣದ ಸರಪಳಿ. ಒಂದೊಂದು ಕೊಂಡಿಯೂ ಕರುವಿನಷ್ಟು ಭಾರ. ಅದಿದ್ದರೆ ಊರು, ಇಲ್ಲದಿದ್ದರೆ ಬೂದಿ.

"ಕರಿಬಂಡೆ ಹತ್ತಿರದ ಕೊಂಡಿ ಇದೆಯಲ್ಲ, ಅದಕ್ಕೆ ಹದ ಬಂದಿಲ್ಲ, ಜೋರಾಗಿ ಗುದ್ದಿದ್ರೆ ಮುರಿಯುತ್ತೆ. ಮೇಲೆ ರಾಳ ಬಳಿದು ಮುಚ್ಚಿದ್ದೀನಿ. ನಾಳೆ ಸಂಜೆಯೊಳಗೆ ಬದಲಾಯಿಸ್ತೀನಿ. ಅಲ್ಲಿವರೆಗೆ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ನಿನ್ನ ಹೆಂಡತಿಗೂ."

"ಅವಳಿಗೆ ಹೇಳೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ," ತಮ್ಮ ನಕ್ಕ. ಮರುಗಳಿಗೆ ಅವನ ಕಣ್ಣು ಕಂಬದತ್ತ ಹೊರಳಿತು. "ಅಕ್ಕಾ, ಕುಂಟ ಕೇಳಿಸ್ಕೊಂಡ ಅಂತ ಕಾಣುತ್ತೆ."

ಕುಂಟ ಕಣ್ಣು ಬಿಟ್ಟುಕೊಂಡೇ ಇದ್ದ.

"ಕೇಳಿಸ್ಕೊಂಡ್ರೇನು? ಕಟ್ಟಿಹಾಕಿದವನು ಎಲ್ಲಿಗೆ ಹೋದಾನು?"

ಹೋಗಿಯೇಬಿಟ್ಟಿದ್ದ. ದೀಪ ಹಚ್ಚುವ ಹೊತ್ತಿಗೆ ಕಂಬದ ಬುಡದಲ್ಲಿ ತುದಿ ಕರಕಲಾದ ಹಗ್ಗವಷ್ಟೇ ಬಿದ್ದಿತ್ತು. "ಕುಂಟನೂ ಕಾಲಿಗೆ ಬುದ್ಧಿ ಹೇಳಿದನಲ್ಲಪ್ಪಾ!" ಎಂದು, ಗಂಜಿ ಕುಡಿದು ಬಂದ ಕಾವಲಿನವನು ಹಣೆ ಚಚ್ಚಿಕೊಂಡ. ದಳವಾಯಿ ಪಂಜು ಹಿಡಿಸಿ ದಡವೆಲ್ಲ ಜಾಲಾಡಿಸಿದ. ಸಿಟ್ಟು ತಣಿಯದೆ ದೀಪದ ಬುರುಜಿಗೆ ತಾನೊಬ್ಬನೇ ಹತ್ತಿ ಹೋದ.

ಕಮ್ಮಾರಕ್ಕ ಎರಡು ತಟ್ಟೆಗೆ ಬಡಿಸುವುದನ್ನು ಕಂಡು ಪಕ್ಕದ ಮನೆಯ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೂ ಗಂಡನಿಗೆ ಬಡಿಸ್ತಾಳೆ, ಪಾಪ!" ಆಮೇಲೆ ಕುಲುಮೆಗೆ ಬೀಗ ಜಡಿದು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿ, ಕಮ್ಮಾರಕ್ಕ ಅದರ ಹೊಸ್ತಿಲ ಮೇಲೆ ಕೂತಳು. ಒಬ್ಬಳನ್ನೇ ಬಿಡಲಾರದೆ ಮುದುಕಿಯೂ ಬಂದು ಒರಗಿದಳು. ಕೊನೆಯ ಕೆಂಡದ ಹೊಗೆ ಕುಲುಮೆಯ ಮಾಡಿನಿಂದ ಕಡ್ಡಿಯಂತೆ ನೆಟ್ಟಗೆ ಮೇಲೇರುತ್ತಿತ್ತು. ದೂರದ ಬುರುಜಿನ ದೀಪ ಆರಿತು, ಹತ್ತಿತು, ಮತ್ತೆ ಆರಿ ಹತ್ತಿತು.

"ಗಾಳಿ," ಎಂದಳು ಮುದುಕಿ.

ಕಮ್ಮಾರಕ್ಕ ನೆಟ್ಟಗೆ ಏರುತ್ತಿದ್ದ ಹೊಗೆಯತ್ತ ನೋಡಿದಳು.

ಬೆಳಕು ಹರಿಯುವಾಗ ಹಾಯಿಗಳು ಕಂಡವು. ಮುದುಕಿಯನ್ನು ಹೊಸ್ತಿಲಲ್ಲೇ ಬಿಟ್ಟು ಕಮ್ಮಾರಕ್ಕ ಕೋಟೆಗೋಡೆ ಏರಿದಳು. ಹೆಂಗಸರು ಎಣ್ಣೆ ಕೊಪ್ಪರಿಗೆಗೆ ಸೌದೆ ನೂಕುತ್ತಿದ್ದರು. ಅವಳು ಕೈ ಮುಗಿದಳು.

"ದೇವರೇ, ಎಲ್ಲಿಂದ ಬೇಕಾದ್ರೂ ಬರಲಿ. ಕರಿಬಂಡೆ ಕಡೆಗೆ ಮಾತ್ರ ಬರದೇ ಇರಲಿ."

ದೇವರು ಎಲ್ಲ ಬೇಡಿಕೆಯನ್ನೂ ಕೇಳುತ್ತಾನೆ. ಎಲ್ಲಕ್ಕೂ ಹೂಂ ಅನ್ನುವುದಿಲ್ಲ. ಮೂತಿಗೆ ಕಬ್ಬಿಣದ ಕೊಂಬು ಕಟ್ಟಿದ್ದ ಮುಂದಿನ ಹಡಗು ಅತ್ತಿತ್ತ ನೋಡದೆ, ಗುರುತಿನ ಮನೆಗೆ ಬರುವ ನೆಂಟನಂತೆ, ನೇರ ಕರಿಬಂಡೆಗೇ ಬಂತು.

"ಕುಂಟ ಹೇಳಿಬಿಟ್ಟ!" ದಳವಾಯಿ ಕಿರುಚಿದ.

"ಮನೆಗೆ ಮಾರಿ!" ಜನ ಶಾಪ ಹಾಕಿದರು.

ಹಡಗು ಗುದ್ದಿತು. ಸರಪಳಿ ನರಳಿ ಬಿಗಿಯಿತು. ಕೊಂಡಿ ಮುರಿಯಲಿಲ್ಲ. ಹಡಗೇ ಕುಂಬಳಕಾಯಿಯಂತೆ ಬಾಯಿಬಿಟ್ಟಿತು. ಹಿಂದಿನದು ಅದರ ಬೆನ್ನೇರಿತು, ಅದರ ಹಿಂದಿನದು ಪಕ್ಕೆಗೆ ಇರಿಯಿತು. ಮೇಲಿನಿಂದ ಕುದಿಯುವ ಎಣ್ಣೆ, ಬಾಣ, ಕಲ್ಲು. ಈಜಿ ಬಂದು ಬಂಡೆ ಹಿಡಿದವರ ಬೆರಳುಗಳನ್ನು ಮೀನುಗಾರರು ಕತ್ತಿಯಿಂದ ಕಡಿದರು. ಬೆಂದ ಚರ್ಮ ನೀರಿನ ಮೇಲೆ ತೇಲಿತು. ಕೆಂಪು ಅಲೆ ಬಂದು ಬಂದರಿನ ಮೆಟ್ಟಿಲು ತೊಳೆದು ಹೋಯಿತು. ಸಾಯುವವನು ಯಾವ ಭಾಷೆಯಲ್ಲಿ ಕೂಗಿದರೂ ಕರೆಯುವುದು ತಾಯಿಯನ್ನೇ. ಕಡಲು ಎಲ್ಲ ಕೇಳಿಸಿಕೊಂಡು, ಎಲ್ಲರನ್ನೂ ಒಂದೇ ಸಮನೆ ಮಡಿಲಿಗೆ ಹಾಕಿಕೊಂಡಿತು.

ಊರು ಕುಣಿಯಿತು. ಅಳುತ್ತಿದ್ದವಳು ಕಮ್ಮಾರಕ್ಕ ಒಬ್ಬಳೇ.

ದಳವಾಯಿ ಬಳಿಗೆ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. "ಅಕ್ಕಾ... ಹದ ಬಂದಿಲ್ಲ ಅಂದಿದ್ದೆಯಲ್ಲ?"

"ನಿನ್ನ ಭಾವನ ಕೈಯಲ್ಲಿ ಆದ ಕೊಂಡಿ ತಮ್ಮ ಅದು. ಇಡೀ ಸರಪಳಿಯಲ್ಲಿ ಅದರಷ್ಟು ಗಟ್ಟಿ ಇನ್ನೊಂದಿಲ್ಲ."

ಅವನು ಅವಳನ್ನೇ ನೋಡಿದ. ಆಮೇಲೆ ಜನರಿಗೆ ಕೇಳುವಂತೆ ಕೂಗಿದ: "ಆ ಕುಂಟ ನಮ್ಮ ಮಾತು ಕದ್ದು ಕೇಳಿ ಕಳ್ಳರಿಗೆ ಮುಟ್ಟಿಸಿದ್ದಾನೆ! ಎಲ್ಲಿದ್ರೂ ಹುಡುಕಿ ಅವನ ತಲೆ ತನ್ನಿ!"

"ತಲೆ ಯಾಕಪ್ಪಾ? ಆಳನ್ನೇ ತೋರಿಸ್ತೀನಿ, ಬಾ."

ಅವಳು ಮುಂದೆ, ತಮ್ಮ ಹಿಂದೆ, ಅವನ ಹಿಂದೆ ಊರು. ಹೊಸ್ತಿಲ ಮೇಲೆ ಮುದುಕಿ ಇನ್ನೂ ಕೂತೇ ಇದ್ದಳು. ಕಮ್ಮಾರಕ್ಕ ಸೊಂಟದ ಕೀಲಿಕೈ ತೆಗೆದಳು. ಬಾಗಿಲು ಕಿರ್ರೆಂದಿತು. ತಿದಿಯ ಪಕ್ಕದಲ್ಲಿ, ಖಾಲಿ ತಟ್ಟೆಯ ಮುಂದೆ, ಕುಂಟ ಬೆಳಕಿಗೆ ಕಣ್ಣು ಕಿರಿದು ಮಾಡಿದ.

ಆ ಕೊಂಡಿಯ ಮಾತು ಕೇಳಿಸಿಕೊಂಡವರು ಲೋಕದಲ್ಲಿ ಇಬ್ಬರೇ. ಅವರಲ್ಲಿ ಒಬ್ಬ ನಿನ್ನೆ ಸಂಜೆಯಿಂದ ಈ ಬೀಗದೊಳಗೇ ಇದ್ದ.