ಚಂದ್ರಮ್ಮನ ಕಡೆಗೆ ಗುರಿ

"ಅದನ್ನ ಚಂದ್ರಮ್ಮನ ಕಡೆ ತಿರುಗಿಸ್ತೀಯೇನೇ?" ದೂರದರ್ಶಕ ಮಾರುವ ಅಂಗಡಿಯ ಬಾಗಿಲಲ್ಲೇ ನಿಂತು ಚಿನ್‌ಯೆ ಸೊಸೆಯನ್ನು ಕೇಳಿದಳು. ಮಧ್ಯಾಹ್ನದ ಟರ್ಕಿ ಕೋಳಿ ಅನ್ನದ ವ್ಯಾಪಾರ ಮುಗಿಸಿ, ಪಾತ್ರೆ ಕವುಚಿಟ್ಟು ಹುಯಿಲಾನ್ ಸದ್ದಿಲ್ಲದೆ ಹೊರಟಿದ್ದಳು. ಆದರೆ ಜಿಯಾಯಿ ಪೇಟೆಯಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಹೋಗುವುದುಂಟೇ? ಮುದುಕಿ ಬೆನ್ನ ಹಿಂದೆಯೇ ಬಂದಿದ್ದಳು.

ಆಕಾಶದ ಚಂದ್ರಮ್ಮನತ್ತ ಬೆರಳು ತೋರಿಸಿದರೆ ಅವಳು ರಾತ್ರಿ ಬಂದು ಕಿವಿ ಕೊಯ್ಯುತ್ತಾಳೆ. ಈ ಮಾತು ಕೇಳದೆ ಬೆಳೆದ ಮಗು ಆ ಊರಲ್ಲಿಲ್ಲ. ಮರೆತು ತೋರಿಸಿದರೆ ಅಲ್ಲೇ ಕೈಮುಗಿದು ತಪ್ಪಾಯಿತು ಎನ್ನಬೇಕು. ಚಿಕ್ಕವಳಿದ್ದಾಗ ಹುಯಿಲಾನ್ ಒಮ್ಮೆ ಬೆರಳು ತೋರಿಸಿದ್ದಳು, ಕೈಮುಗಿಯಲು ಒಪ್ಪದೆ ಅವ್ವನಿಂದ ಏಟೂ ತಿಂದಿದ್ದಳು. ಆಮೇಲೆ ಚಂದ್ರನನ್ನು ಓರೆಗಣ್ಣಲ್ಲಿ ನೋಡುತ್ತಲೇ ಐವತ್ತು ದಾಟಿತು. ಇನ್ನು ಸಾಕು, ಒಮ್ಮೆ ಮುಖಕ್ಕೆ ಮುಖ ಕೊಟ್ಟು ನೋಡಿಯೇ ತೀರಬೇಕೆಂದು ಅವಳಿಗೆ ಹಟ ಹತ್ತಿತ್ತು.

ಅಂಗಡಿಯ ಕುವೋ ಏನು ಬೇಕೆಂದು ಕೇಳಿದಾಗ, ಮಂಚದ ಕೆಳಗೆ ಹಿಡಿಸುವಂಥದ್ದು ಎಂದಿದ್ದಳು. ಅವನು ಉದ್ದನೆಯ, ಸಣಕಲು ಕೊಳವೆಯೊಂದನ್ನು ತಂದಿಟ್ಟ. ಪೆಟ್ಟಿಗೆಯ ಮೇಲೆ ಐನೂರು ಪಟ್ಟು ದೊಡ್ಡದಾಗಿ ಕಾಣುತ್ತದೆಂದು ಬರೆದಿತ್ತು. ಅದನ್ನು ನಂಬಬೇಡಿ, ಹೊಸಬರು ಮೋಸ ಹೋಗುವುದೇ ಅಲ್ಲಿ ಎಂದು ಅವನೇ ಹೇಳಿದ. ಕೊಳವೆಯ ಬಾಯಿ ಅಗಲವಿದ್ದಷ್ಟೂ ಹೆಚ್ಚು ಬೆಳಕು ಒಳಗೆ ಬರುತ್ತದಂತೆ, ಅದನ್ನು ನಿಲ್ಲಿಸುವ ಕಾಲು ಗಟ್ಟಿಯಿದ್ದರೆ ಮಾತ್ರ ನೋಟ ನಿಲ್ಲುತ್ತದಂತೆ. ಹುಯಿಲಾನ್ ಅದರ ಕಾಲನ್ನು ಹಿಡಿದು ಅಲುಗಿಸಿ ನೋಡಿದಳು. ಇಷ್ಟು ಅಲುಗುವ ಹಲಗೆಯ ಮೇಲೆ ಅವಳು ಕೋಳಿ ಕೊಚ್ಚುವವಳಲ್ಲ. ಪಕ್ಕದಲ್ಲಿ ಮರದ ಪೀಠದ ಮೇಲೆ ಡೋಲಿನಷ್ಟು ದಪ್ಪನೆಯ ಇನ್ನೊಂದು ದೂರದರ್ಶಕ ಕೂತಿತ್ತು. ಎಷ್ಟು ತಳ್ಳಿದರೂ ಮಿಸುಕಲಿಲ್ಲ. ಆದರೆ ಅದು ಯಾವ ಮಂಚದ ಕೆಳಗೂ ಹೋಗುವಂತಿರಲಿಲ್ಲ.

ಅಷ್ಟರಲ್ಲೇ ಅತ್ತೆ ಬಂದದ್ದು.

"ಅದು ಮನೆಗೆ ಬಂದ್ರೆ ತಾರಸಿ ಬಾಗಿಲಿಗೆ ಬೀಗ ಹಾಕ್ತೀನಿ, ನೋಡ್ಕೋ" ಎಂದಳು ಚಿನ್‌ಯೆ.

ಹುಯಿಲಾನ್‌ಗೆ ಸಂಕಟವಾಯಿತು. ಅವರ ಇಕ್ಕಟ್ಟಿನ ಬೀದಿಯಲ್ಲಿ ಆಕಾಶ ಅಡ್ಡಿಯಿಲ್ಲದೆ ಕಾಣುವುದು ಮನೆಯ ತಾರಸಿಯಿಂದ ಮಾತ್ರ. ಅಲ್ಲಿಗೂ ಬೀಗ ಬಿದ್ದರೆ ಕೊಂಡೇನು ಬಂತು? ಎಂದೂ ಎದುರಾಡದ ಸೊಸೆ ಸಣಕಲು ಕೊಳವೆಯನ್ನು ಪಕ್ಕಕ್ಕೆ ಸರಿಸಿದಳು.

"ಹಾಕ್ಕೊಳ್ಳಿ ಅತ್ತೆ. ನಮ್ಮ ಅಂಗಡಿ ಮುಂದೆ, ನಡುಬೀದಿಲಿ ಇಟ್ಟು ನೋಡ್ತೀನಿ. ಯಜಮಾನ್ರೇ, ಬಚ್ಚಿಡೋ ಮಾತು ಬೇಡ. ಆ ದಪ್ಪದ್ದೇ ಕೊಡಿ."

"ಕಿವಿ ಹೋದ್ರೆ?"

"ನಿಮ್ಮ ಮಾತು ಕೇಳೋಕೆ ಇನ್ನೊಂದು ಇರುತ್ತಲ್ಲ."

ಕುವೋ ನಗು ನುಂಗಿಕೊಂಡು ಅದನ್ನು ಹೊತ್ತು ಹೊರಗಿನ ರಸ್ತೆಯಂಚಿಗೆ ತಂದಿಟ್ಟ. ಸಂಜೆ ಇನ್ನೂ ಕಪ್ಪಾಗಿರಲಿಲ್ಲ. ಎದುರಿನ ಕಟ್ಟಡದ ನೀರಿನ ತೊಟ್ಟಿಯ ಮೇಲೆ ಅರ್ಧ ಚಂದ್ರ ಬಂದಿತ್ತು. ಗುರಿ ಹಿಡಿಯುವುದು ಹೇಗೆಂದು ಅವನು ತೋರಿಸಹೋದರೆ ಅವಳು ಬಿಡಲಿಲ್ಲ, ತಾನೇ ತಿರುಗಿಸಿದಳು. ಎರಡು ಸಲ ತಪ್ಪಿತು. ಮೂರನೆಯ ಸಲ ಕಣ್ಣಿಟ್ಟವಳು ಹಾಗೇ ನಿಂತುಬಿಟ್ಟಳು. ಒದ್ದೆಯಾದ ಕಣ್ಣನ್ನು ತೋಳಿನಿಂದ ಒರೆಸಿಕೊಂಡು ಮತ್ತೆ ನೋಡಿದಳು.

ಆಮೇಲೆ ಪಕ್ಕಕ್ಕೆ ಸರಿದು ಅತ್ತೆಗೆ ಜಾಗ ಬಿಟ್ಟಳು. ಚಿನ್‌ಯೆ ಅತ್ತ ನೋಡಿದಳು, ಇತ್ತ ನೋಡಿದಳು. ಬೀದಿಯವರು ನೋಡುತ್ತಿದ್ದಾರೆಂದು ಗೊಣಗಿದಳು. ಕೊನೆಗೆ, ಯಾವುದಕ್ಕೂ ಇರಲಿ ಎಂದು ಚಂದ್ರನಿಗೊಂದು ಕೈಮುಗಿದು, ಎರಡೂ ಕಿವಿಗಳನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡು ಬಗ್ಗಿದಳು.

ಮುದುಕಿಯ ಕೈಗಳು ಯಾವಾಗಲೋ ಕಿವಿಯಿಂದ ಜಾರಿ ಕೆಳಗಿಳಿದಿದ್ದವು. ಕಣ್ಣು ತೆಗೆಯದೆಯೇ ಸಣ್ಣ ದನಿಯಲ್ಲಿ ಕೇಳಿದಳು:

"ಇವಳ ಮುಖಾನ ಹೀಗೆ ಕುಯ್ದೋರು ಯಾರೇ?"