ಬೀಗರ ಮುಂದೆ ರ‍್ಯಾಪ್

ರ‍್ಯಾಪ್ ಅಂದ ಕೂಡಲೇ ಮುಖ ಸಿಂಡರಿಸುವ ಗೆಳೆಯರೇ, ಇದನ್ನು ಪೂರ್ತಿ ಓದಿ... ಆಮೇಲೆ ಬೇಕಿದ್ದರೆ ಇನ್ನೊಮ್ಮೆ ಸಿಂಡರಿಸಿ. ಯಾರೂ ಬೇಡ ಅನ್ನುವುದಿಲ್ಲ.

ರಾಣೆಬೆನ್ನೂರಿನಲ್ಲಿ ಶಿವಲೀಲಾ ಎಂಬ ಹುಡುಗಿ, ಮನೆಯವರಿಗೆ ಲೀಲಾ. ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಹಗಲೆಲ್ಲ ರಕ್ತ ಪರೀಕ್ಷೆ, ಸಂಜೆ ಮಾಳಿಗೆ ಮೇಲೆ ನಿಂತು ರ‍್ಯಾಪ್!

ತಾನೇ ಬರೆದು, ತಾನೇ ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹಾಕುತ್ತಿದ್ದಳು. ಹೆಣ್ಣು ನೋಡಲು ಬರುವವರ ಮೇಲೆ ಅವಳು ಕಟ್ಟಿದ ಹಾಡು ಊರೂರು ಸುತ್ತಿತ್ತು...

"ನಡದು ತೋರ್ಸು ಅಂದ್ರಿ, ನಡದೆ ನೋಡ್ರಿ,
ಜಡಿ ಎಷ್ಟುದ್ದ ಅಂದ್ರಿ, ಅಳದು ನೋಡ್ರಿ,
ತಲಿ ಒಳಗ ಏನೈತಿ ಅಂತ ಕೇಳಿದವ್ರ ಯಾರ್ರಿ?
ಕುರಿ ಸಂತಿ ಅಲ್ರಿ ಇದು, ನಮ್ಮ ಮನಿ ಐತ್ರಿ!"

ಇಷ್ಟು ಬಾಯಿ ಇರುವವಳಿಗೆ ಗಂಡು ಸಿಗುತ್ತಾ ಅಂತ ಓಣಿಯವರೆಲ್ಲ ಆಡಿಕೊಂಡರು. ಆದರೂ ಕೊನೆಗೆ ಒಂದು ಸಂಬಂಧ ಕೂಡಿಬಂತು. ಹುಡುಗ ಮೆತ್ತಗಿನವನು. ಲೀಲಾಳೂ ಒಪ್ಪಿದಳು.

ನಿಶ್ಚಯದ ದಿನ ಬೀಗರು ಬಂದರು. ಉಪ್ಪಿಟ್ಟು, ಶಿರಾ ಮುಗಿಯಿತು. ಇನ್ನೇನು ಎಲೆ-ಅಡಿಕೆ ಬದಲಾಯಿಸಬೇಕು... ಹುಡುಗನ ತಂದೆ ಮೀಸೆ ತಿರುವಿ ಗಂಟಲು ಸರಿಮಾಡಿಕೊಂಡರು.

"ಎಲ್ಲಾ ಚಲೋ ಐತ್ರಿ ಬೀಗ್ರ. ಒಂದ ಮಾತು. ಆ ರ‍್ಯಾಪು-ಗೀಪು ಏನೈತಿ, ಇಲ್ಲೇ ನಮ್ಮ ಮುಂದ ಡಿಲೀಟ್ ಆಗ್ಬೇಕು. ಅದು ಪೋಲಿ ಹುಡುಗ್ರದ್ದು. ಕೊಳ್ಳಾಗ ಚೈನು, ಕೈಯಾಗ ಸಿಗರೇಟು, ಬಾಯಾಗ ಬರೇ ಬೈಗಳ. ನಮ್ಮ ಸಂಸ್ಕೃತಿ ಅಲ್ರಿ ಅದು."



ಲೀಲಾಳ ಅಪ್ಪ ಎದ್ದುಹೋಗಿ ಮೊಬೈಲ್ ತಂದು ಅವಳ ಮುಂದೆ ಹಿಡಿದ. ಅವನ ಕೈ ನಡುಗುತ್ತಿತ್ತು. "ಅಳಿಸಿಬಿಡವಾ... ಮತ್ತೊಂದು ಸಂಬಂಧ ನಾ ಎಲ್ಲಿಂದ ತರ್ಲಿ?"

ಅಳಿಸುವುದು ಒಂದು ಬೆರಳಿನ ಕೆಲಸ. ಆದರೆ ಅವು ಬರೀ ವಿಡಿಯೋಗಳಲ್ಲ... ಬಣ್ಣ ಕಪ್ಪು ಅಂತ ಜನ ಆಡಿಕೊಂಡಾಗ ನುಂಗಿಕೊಂಡ ಮಾತುಗಳೆಲ್ಲ ಅಲ್ಲಿದ್ದವು.

ಅವಳು ಮೊಬೈಲ್ ಮುಟ್ಟಲಿಲ್ಲ. ಹುಡುಗನ ತಂದೆಯನ್ನು ನೇರ ನೋಡಿದಳು.

"ಕಾಕಾರ, ನನ್ನ ಕೊಳ್ಳಾಗ ಇರೋದು ಲ್ಯಾಬಿನ ಐಡಿ ಕಾರ್ಡು. ಕೈಯಾಗ ಸಿರಿಂಜು. ನನ್ನ ಹಾಡಿನ್ಯಾಗ ಬೈಗಳ ಒಂದರ ತೋರಸ್ರಿ, ನಾನ ಅಳಸ್ತೀನಿ."

"ನಾ ಯಾಕ ಕೇಳ್ಲಿ ಅಂಥಾದ್ದನ್ನ? ಮಂದಿ ಹೇಳ್ತಾರ, ಸಾಕು. ನಮ್ಮ ಮನ್ಯಾಗ ಹೆಣ್ಮಕ್ಕಳ ದನಿ ಪಡಸಾಲಿಗೆ ಬರಂಗಿಲ್ಲ. ನಮ್ಮವ್ವನ್ನ ನೋಡು. ಒಂದ ದಿನ ಜೋರ ಮಾತಾಡಿಲ್ಲ!"

ಎಲ್ಲರೂ ಮೂಲೆಗೆ ತಿರುಗಿ ನೋಡಿದರು. ಅಲ್ಲಿ ಗೋಡೆಗೆ ಒರಗಿ ಕೂತಿದ್ದ ಅಜ್ಜಿ... ಹುಡುಗನ ತಂದೆಯ ತಾಯಿ, ತುಳಜವ್ವ.

"ನಾ ಕೇಳೀನಿ," ಅಂದಳು ಅಜ್ಜಿ.

"ಏನವ್ವ?"

"ಈಕಿ ಹಾಡು. ನಿನ್ನ ಮಗನ ತೋರಿಸಿದ್ದ. ಹತ್ತ ಸಲ ಕೇಳಿ ನಕ್ಕಾನ. ಈಗ ಅಪ್ಪನ ಮುಂದ ಮೂಗ ಆಗ್ಯಾನ."

ಹುಡುಗ ನೆಲ ನೋಡಿದ. ಲೀಲಾ ಅವನನ್ನು ಒಮ್ಮೆ ನೋಡಿದಳು, ಅಷ್ಟೇ. ಅವಳಿಗೆ ಅಲ್ಲೇ ಎಲ್ಲ ತಿಳಿದುಹೋಯಿತು.

"ಸಂಸ್ಕೃತಿ ಅಂದ್ಯಲ್ಲೋ," ಅಜ್ಜಿ ಮಗನಿಗೆ ಹೇಳಿದಳು. "ನನ್ನ ತವರಾಗ ಮದುವಿ ಅಂದ್ರ ಬೀಗರ ಹಾಡು. ಬೀಗರು ಉಣ್ಣಾಕ ಕುಂತ್ರ ಹೆಣ್ಮಕ್ಕಳು ಹಾಡಿನ್ಯಾಗ ಮಾನ ಹರಾಜ ಹಾಕ್ತಿದ್ವಿ. ಸಿಟ್ಟಿಗೆದ್ದವ ಸೋತಂಗ. ತಾಕತ್ತಿದ್ರ ಹಾಡಿನ್ಯಾಗ ತಿರುಗಿ ಕೊಡಬೇಕು. ನಾ ಹಾಡಾಕ ನಿಂತ್ರ ಬೀಗರು ತುತ್ತು ಬಿಟ್ಟು ನಗ್ತಿದ್ರು..."

ಆಕೆ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ನಿಮ್ಮ ಮನಿಗೆ ಬಂದ ದಿನ ನಮ್ಮ ಮಾವ ಹೇಳಿದ್ರು, ಹಾಡೋ ಹೆಣ್ಣು ಈ ಮನಿತನಕ್ಕ ಸಲ್ಲ ಅಂತ. ಅವತ್ತ ಬಾಯಿ ಮುಚ್ಚಿದಾಕಿ, ಇವತ್ತ ತೆಗದೀನಿ."

ಹಾಗಂದವಳೇ ಚಪ್ಪಾಳೆ ತಟ್ಟಿ, ಸ್ವಂತ ಮಗನ ಮುಖಕ್ಕೇ ಹಾಡಿದಳು!

"ಬಂದಾರ ಬೀಗರು, ಬಾಗಿಲು ಸಾಲವಲ್ದು,
ಶಿರಾ ಹೊಡದಾರ, ಹೊಟ್ಟಿಗೆ ಸಾಲವಲ್ದು,
ಮೀಸಿ ತಂದಾರ ಗೇಣುದ್ದ ತಿರುವಿ,
ಬುದ್ಧಿ ತಂದಿಲ್ಲ, ಬಸ್ಸಿನ್ಯಾಗ ಬಿಟ್ಟಾರ!"

ಅಡುಗೆಮನೆಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾ ಹೊರಗೆ ಬಂದರು. ಅಜ್ಜಿಯ ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ... ಆದರೆ ತಾಳ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ.

ಹಾಡು ನಿಂತಿತು. ಯಾರಾದರೂ ತಿರುಗಿ ಕೊಡಬೇಕಲ್ಲ? ಲೀಲಾ ನಿಶ್ಚಯದ ತಟ್ಟೆಯನ್ನೇ ಎತ್ತಿಕೊಂಡು ಎಲೆ-ಅಡಿಕೆ ಪಕ್ಕಕ್ಕೆ ಸುರಿದಳು. ಬೋರಲು ಹಾಕಿ ಬಡಿದಳು.

"ಬಸ್ಸಿನ್ಯಾಗ ಹೋದದ್ದು ಹೋಗ್ಲಿ ಬಿಡವ್ವ,
ಬಾಯಾಗ ಇದ್ದದ್ದು ಹೊರಗ ಇಡವ್ವ,
ನುಂಗಿದ ಮಾತೆಲ್ಲ ಉಗುಳಿ ಬಿಡವ್ವ,
ತಾಳ ನಾ ಹಿಡಿತೀನಿ, ನೀ ಹಾಡವ್ವ!"

ಅಜ್ಜಿಯ ಕಣ್ಣಲ್ಲಿ ದಳದಳ ನೀರು. ಲೀಲಾಳ ಗಲ್ಲ ಹಿಡಿದು ಹೇಳಿದಳು: "ಬಾಯಿ ಮುಚ್ಚಿ ಬರೋದಾದ್ರ ನಮ್ಮ ಮನಿಗೆ ಬರಬ್ಯಾಡ ಮಗಳ... ನಾ ಒಬ್ಬಾಕಿ ಬಂದದ್ದ ಸಾಕು."

"ಬರಂಗಿಲ್ಲ ಅವ್ವಾ," ಅಂದಳು ಲೀಲಾ.

ಹುಡುಗನ ತಂದೆ ಧಡಕ್ಕನೆ ಎದ್ದರು. "ನಡೀರಿ, ಸಂಬಂಧ ಮುರೀತು!" ಹುಡುಗ ತಲೆ ತಗ್ಗಿಸಿಕೊಂಡು ಅವರ ಹಿಂದೆಯೇ ಹೊರಟ.

ತುಳಜವ್ವ ಮಾತ್ರ ಏಳಲಿಲ್ಲ. "ನೀವು ಹೋಗ್ರಿ. ನನ್ನ ಹಾಡು ಇನ್ನೂ ಮುಗದಿಲ್ಲ."

ಲೀಲಾ ಹೆದರುತ್ತಲೇ ಅಪ್ಪನ ಕಡೆ ನೋಡಿದಳು. ಅವನ ಕೈಯಲ್ಲಿ ಇನ್ನೂ ಅದೇ ಮೊಬೈಲ್ ಇತ್ತು.

ಆದರೆ ಅವನು ಅದನ್ನು ಎತ್ತಿ ಇಬ್ಬರ ಕಡೆ ಹಿಡಿದಿದ್ದ... ರೆಕಾರ್ಡ್ ಆಗುತ್ತಿತ್ತು. ಅಳುತ್ತಾ, ಕೈ ಅಲುಗದಂತೆ ಹಿಡಿದಿದ್ದ.

"ಹಾಡ್ರವ್ವ," ಅಂದ ಅಪ್ಪ. "ಇದನ್ನ ಯಾರ ಡಿಲೀಟ್ ಮಾಡ್ತಾರ, ನಾನೂ ನೋಡ್ತೀನಿ."

*

ಕಿವಿಗೊಟ್ಟು ಕೇಳದೆಯೇ ಕೆಟ್ಟದ್ದು ಅಂದುಬಿಡುವುದು ಸಂಸ್ಕೃತಿಯಲ್ಲ... ಬರೀ ಹೆದರಿಕೆ.

ನಿಮ್ಮ ಮನೆಯ ಮೂಲೆಯಲ್ಲೂ ಯಾರೋ ಸುಮ್ಮನೆ ಕೂತಿರಬಹುದು... ಅವರ ಹಾಡು ಯಾವಾಗ ನಿಂತಿತು, ನಿಲ್ಲಿಸಿದವರು ಯಾರು ಅಂತ ಒಮ್ಮೆಯಾದರೂ ಕೇಳಿದ್ದೀರಾ?